ದ್ಯಾಮಣ್ಣನ ಹೆಸರಿನಲ್ಲಿ ಆರು ಕಾಯಿಲೆ

ದ್ಯಾಮಣ್ಣ ಬಡಿಗೇರ ಆಸ್ಪತ್ರೆಗೆ ಹೋದದ್ದು ಅಂಗಾಲಿನ ಆಣಿ ತೋರಿಸಲಿಕ್ಕೆ. ಆಣಿ ಶೇಂಗಾಬೀಜದಷ್ಟು ಚಿಕ್ಕದು. ಅಷ್ಟಕ್ಕೆ ಐದು ಜನ ಯಾಕೆ ಹೋಗಬೇಕು ಎಂದು ಯಾರಾದರೂ ಕೇಳಿದರೆ ಅವರು ಗದಗಿನ ಕಡೆಯವರಲ್ಲ ಎಂದು ತಿಳಿಯಬೇಕು. ನಮ್ಮಲ್ಲಿ ಆಸ್ಪತ್ರೆಗೆ ಒಬ್ಬನೇ ಹೋಗುವವನು ಒಂದೋ ಡಾಕ್ಟರು, ಇಲ್ಲವೇ ದಿಕ್ಕಿಲ್ಲದವನು.

ಗಂಡ ಡಾಕ್ಟರ ಮುಂದೆ ಅರ್ಧ ಹೇಳಿ ಅರ್ಧ ನುಂಗುತ್ತಾನೆಂದು ಹೆಂಡತಿ ಪಾರವ್ವ ಹೊರಟಳು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಎಂಬತ್ತೆರಡು ವರ್ಷದ ಸೋದರತ್ತೆ ನಿಂಗವ್ವ ಎದ್ದಳು. ಪಕ್ಕದ ಮನೆಯ ಹಂಪಣ್ಣ ಮಾಸ್ತರರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ತಾವು ಜೊತೆಗಿದ್ದರೆ ಯಾವ ಡಾಕ್ಟರೂ ಉಡಾಫೆ ಮಾಡುವುದಿಲ್ಲ ಎಂಬುದು ಅವರದೇ ಅಭಿಪ್ರಾಯವಾಗಿತ್ತು. ಮಹಡಿಯ ಮೇಲಿನ ಬಾಡಿಗೆಯವರ ಸೊಸೆ ರೇಷ್ಮಾ ಪೇಟೆಗೆ ಹೊರಟಿದ್ದವಳು ದಾರಿಯಲ್ಲಿ ಸೇರಿಕೊಂಡಳು.

ಡಾಕ್ಟರ್ ಸುಜಯಾ ಕಳಸದ ಆಣಿ ನೋಡಿ ಮುಲಾಮು ಬರೆಯಲು ತೆಗೆದುಕೊಂಡದ್ದು ಒಂದೇ ನಿಮಿಷ. ಉಳಿದ ಹನ್ನೊಂದು ನಿಮಿಷ "ಹೆಂಗೂ ಬಂದೇವಲ್ರಿ, ಇದೊಂದು ಕೇಳಿಬಿಡ್ತೀವಿ" ಎನ್ನುವುದರಲ್ಲಿ ಕಳೆಯಿತು. ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಶುರುಮಾಡುತ್ತಿದ್ದರು, ಯಾರ ಮಾತೂ ಇನ್ನೊಬ್ಬರ ಕಿವಿಗೆ ಬೀಳುತ್ತಿರಲಿಲ್ಲ. ದ್ಯಾಮಣ್ಣ ಮಾತ್ರ ಸ್ಟೂಲಿನ ಮೇಲೆ ಬರಿಗಾಲಿನಲ್ಲಿ ಕೂತು ಗೋಡೆಗಿದ್ದ ಬಸ್ಸಿನ ವೇಳಾಪಟ್ಟಿ ಓದುತ್ತಿದ್ದ.

ಡಾಕ್ಟರ ಮೇಜಿನ ಮೇಲೆ ಎಲೆ ಅಡಿಕೆ ಡಬ್ಬಿಯಷ್ಟು ದೊಡ್ಡದೊಂದು ಯಂತ್ರವಿತ್ತು. ಸರಕಾರ ಅದಕ್ಕೆ ಉದ್ದನೆಯ ಹೆಸರಿಟ್ಟಿತ್ತು, ಊರಿನವರು ಹಳ್ಳಿಯ ಲೆಕ್ಕಪತ್ರ ಬರೆಯುವವನ ಹೆಸರು ಹಿಡಿದು ‘ತಲಾಟಿ’ ಎನ್ನುತ್ತಿದ್ದರು. ಆಡಿದ್ದನ್ನೆಲ್ಲ ಅದು ಬರೆದುಕೊಳ್ಳುತ್ತಿತ್ತು, ಬರೆದದ್ದನ್ನು ತಿದ್ದಿಸಬೇಕಾದರೆ ಚಪ್ಪಲಿ ಸವೆಯುತ್ತಿತ್ತು. ಅದರ ಬುದ್ಧಿ ಸರಳವಾದದ್ದು. ಡಾಕ್ಟರ ದನಿಯನ್ನು ಅದು ಗುರುತು ಹಿಡಿಯುತ್ತಿತ್ತು. ತನ್ನ ಮೇಲೆ ಅಂಗೈ ಒತ್ತಿ ಸ್ಟೂಲಿನಲ್ಲಿ ಕೂತವನು ರೋಗಿ ಎಂದು ತಿಳಿದಿತ್ತು. ಕೋಣೆಯಲ್ಲಿ ಇನ್ನಾವ ದನಿ ಬಂದರೂ ಅದು ರೋಗಿಯದೇ. ಕೇಳಿದ್ದನ್ನು ಶುದ್ಧ ಸರಕಾರಿ ಭಾಷೆಗೆ ಇಳಿಸಿ, ಒಂದು ತಾಸಿನೊಳಗೆ ದನಿಯನ್ನು ಅಳಿಸಿಹಾಕುತ್ತಿತ್ತು. ರೋಗಿಯ ಗುಟ್ಟು ಕಾಪಾಡಬೇಕೆಂದು ಕಾನೂನೇ ಹಾಗಿತ್ತು. ಬರಹ ಮಾತ್ರ ಔಷಧದ ಅಂಗಡಿ, ಅಂಗನವಾಡಿ, ಬಸ್ ಡಿಪೋ ಎಲ್ಲ ಕಡೆಗೂ ಹೋಗುತ್ತಿತ್ತು.

ಸಂಜೆ ದ್ಯಾಮಣ್ಣನ ಫೋನಿಗೆ ಸಂದೇಶ ಬಂತು: ತಮ್ಮ ದಾಖಲೆ ಸಿದ್ಧವಾಗಿದೆ, ತಪ್ಪುಗಳಿದ್ದರೆ ಪರಿಶೀಲಿಸಿ, ಇಲ್ಲವಾದರೆ ‘ಸರಿ’ ಒತ್ತಿ. ಲೋಕದಲ್ಲಿ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಓದದೆ ‘ಸರಿ’ ಒತ್ತಿ ಊಟಕ್ಕೆ ಕೂತ.

ಮರುದಿನ ಬೆಳಿಗ್ಗೆ ಆರಕ್ಕೆ ಡಿಪೋದಲ್ಲಿ ಅವನ ಬಸ್ಸು ನಿಂತಿತ್ತು. ಗದಗಿನಿಂದ ಲಕ್ಕುಂಡಿಗೆ ಹೋಗುವ ಈ ಬಸ್ಸು ಇಡೀ ಜಿಲ್ಲೆಯಲ್ಲಿ ಮನುಷ್ಯ ಓಡಿಸುವ ಕಡೆಯ ಬಸ್ಸು. ಉಳಿದವೆಲ್ಲ ತಮ್ಮಷ್ಟಕ್ಕೆ ತಾವೇ ಓಡುತ್ತಿದ್ದವು. ಚಾಲಕ ಆರೋಗ್ಯವಾಗಿರುವವರೆಗೆ ಸೀಟು ಅವನದು. ಸತತ ಒಂಬತ್ತು ದಿನ ಸೀಟು ಖಾಲಿ ಬಿದ್ದು ಹತ್ತನೆಯ ದಿನ ಬೆಳಿಗ್ಗೆಯೂ ಚಾಲಕ ಬರದಿದ್ದರೆ ಯಂತ್ರ ಬಂದು ಕೂರುತ್ತದೆ, ಆಮೇಲೆ ಯಾರು ಏನು ಹೇಳಿದರೂ ಏಳುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ದ್ಯಾಮಣ್ಣ ಸತತ ಮೂರು ದಿನ ರಜೆ ಹಾಕಿದವನಲ್ಲ.

ಅವನು ಸ್ಟೇರಿಂಗಿನ ಮೇಲೆ ಅಂಗೈ ಇಟ್ಟ. ಬಸ್ಸು ಎಂದಿನಂತೆ ಗುರ್ ಎನ್ನಲಿಲ್ಲ. ಬದಲಿಗೆ ಎಲ್ಲರಿಗೂ ಕೇಳುವ ಹಾಗೆ ಮಧುರವಾಗಿ ಮಾತಾಡಿತು.

"ಚಾಲಕರೇ, ಅಭಿನಂದನೆಗಳು. ತಾವು ಮೂರು ತಿಂಗಳ ಗರ್ಭಿಣಿ. ತಮಗೆ ಎಡಗಿವಿ ಕೇಳಿಸುವುದಿಲ್ಲ. ತಮ್ಮ ಎದೆಯ ತಪಾಸಣೆ ಆಗಬೇಕಾಗಿದೆ. ದಯವಿಟ್ಟು ಕೆಳಗಿಳಿದು ವಿಶ್ರಾಂತಿ ಪಡೆಯಿರಿ."

ಇಡೀ ಬಸ್ಸಿನಲ್ಲಿ ನಗೆ ಸಿಡಿಯಿತು. ಮುಂದಿನ ಸೀಟಿನ ಕಾಯಿಪಲ್ಲೆ ಮಾರುವ ಹೆಂಗಸು, "ಮೊದಲ ಹೇಳಬಾರದೇನಣ್ಣಾ? ಹಸಿರು ಬಳಿ ಇಡಿಸಿ ಕುಬಸ ಮಾಡ್ತಿದ್ವಿ!" ಎಂದಳು. ದ್ಯಾಮಣ್ಣ ಮತ್ತೆ ಅಂಗೈ ಒತ್ತಿದ, ಒರೆಸಿಕೊಂಡು ಒತ್ತಿದ, ಎಡಗೈ ಒತ್ತಿದ. ಬಸ್ಸು ಪ್ರತಿ ಸಲವೂ ಅಭಿನಂದಿಸಿತು.

ಮನೆಗೆ ಬಂದು ದಾಖಲೆ ತೆರೆದು ಈ ಸಲ ಓದಿದ. ಅಂಗಾಲಿನಲ್ಲಿ ಆಣಿ ಎಂಬಲ್ಲಿಯವರೆಗೆ ತಕರಾರಿರಲಿಲ್ಲ. ಮುಂದೆ, ಮೂರು ತಿಂಗಳ ಬಸಿರು, ಬೆಳಗಿನ ವಾಂತಿ, ಹುಣಸೆಕಾಯಿಯ ಆಸೆ. ಬಾಯಲ್ಲಿ ಹಲ್ಲಿಲ್ಲ, ಎಡಗಿವಿ ಸತ್ತಿದೆ. ನಾಲ್ಕು ದಿನಕ್ಕೊಮ್ಮೆ ಮಲವಿಸರ್ಜನೆ, ಅದೂ ಕಷ್ಟದಿಂದ. ಹದಿನೈದು ದಿನದಿಂದ ಹಾಲು ಕೊಡುವುದನ್ನು ನಿಲ್ಲಿಸಿದ್ದು, ಹತ್ತಿರ ಹೋದವರನ್ನು ಒದೆಯುವ ಸ್ವಭಾವ. ಕೊನೆಯದಾಗಿ, ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಒತ್ತಡ ಮತ್ತು ಎಡಗೈ ಜೋಮು, ಕುಳಿತರೆ ಕಡಿಮೆ, ಎರಡು ತಿಂಗಳಿಂದ.

"ಒದಿಯೂದು ಒಂದು ಖರೇ ಐತಿ," ಎಂದಳು ಪಾರವ್ವ, ನಗು ತಡೆಯಲಾರದೆ. "ನಿದ್ದಿಗಣ್ಣಾಗ ಒದೀತೀರಿ."

ಅಷ್ಟರಲ್ಲಿ ಬಾಗಿಲಲ್ಲಿ ಅಂಗನವಾಡಿ ಕಾರ್ಯಕರ್ತೆ ನಿಂತಿದ್ದಳು, ಕೈಯಲ್ಲಿ ಹನ್ನೆರಡು ಮೊಟ್ಟೆ, ಶೇಂಗಾ ಚಿಕ್ಕಿ, ಕಬ್ಬಿಣಾಂಶದ ಗುಳಿಗೆ. "ದ್ಯಾಮಣ್ಣ ಬಡಿಗೇರ ಅಂದ್ರ ಯಾರ್ರಿ? ತೂಕ ನೋಡ್ಬೇಕಿತ್ತು," ಎಂದಳು. ನಾನೇ ಎಂದಾಗ ಅವಳು ಮೀಸೆ ನೋಡಿದಳು, ಹೊಟ್ಟೆ ನೋಡಿದಳು, ಹೊಟ್ಟೆ ನೋಡಿ ಸ್ವಲ್ಪ ಅನುಮಾನಿಸಿದಳು. ಕೊನೆಗೆ ಪಟ್ಟಿಯಲ್ಲಿ ಹೆಸರಿದ್ದಮೇಲೆ ತನಗೇನು ಎಂದು ತೂಕ ಬರೆದುಕೊಂಡು, ಭಾರ ಎತ್ತಬಾರದು ಎಂದು ಎಚ್ಚರಿಸಿ ಹೋದಳು. ಮಹಡಿಯ ಮೆಟ್ಟಿಲಲ್ಲಿ ನಿಂತಿದ್ದ ರೇಷ್ಮಾ ಮುಖ ಮುಚ್ಚಿಕೊಂಡು ಮೇಲಕ್ಕೆ ಓಡಿದಳು.

ತಿದ್ದಿಸುವ ಜಾಗ ಹಳೆಯ ಟೆಲಿಫೋನ್ ಕಚೇರಿಯ ಎರಡನೆಯ ಮಹಡಿ. ಅಲ್ಲಿ ಜಿಲ್ಲೆಯ ತಲಾಟಿಗಳೆಲ್ಲ ಬರೆದದ್ದು ಗೋಡೆಯಗಲದ ಪರದೆಯ ಮೇಲೆ ಹರಿಯುತ್ತಿತ್ತು. ನೋಡಿಕೊಳ್ಳಲು ಇದ್ದವನು ಅಲ್ತಾಫ್ ನದಾಫ ಎಂಬ ಎಂಜಿನಿಯರ್. ದ್ಯಾಮಣ್ಣನ ಹೆಸರು ಕೇಳಿದ್ದೇ ಅವನು ಕುರ್ಚಿಯಿಂದ ಎದ್ದುನಿಂತ.

"ನೀವ ಏನ್ರಿ ಅವ್ರು? ನಿನ್ನೆಯಿಂದ ನಿಮ್ಮ ಕಡತ ಕೆಂಪಾಗಿ ಮಿಣುಕಾಕತ್ತೈತಿ. ವೈದ್ಯಲೋಕದ ಅಚ್ಚರಿ ಅಂತ ಯಂತ್ರ ತಾನ ಎರಡು ವಿಶ್ವವಿದ್ಯಾಲಯಕ್ಕ ಪತ್ರ ಬರದು ಕಳಿಸ್ಯೈತ್ರಿ."

"ಅಚ್ಚರಿಯಲ್ಲೋ ತಮ್ಮಾ, ಅದು ಐದು ಮಂದೀದು ಕೂಡೇತಿ. ಒಂದು ಎಮ್ಮೀದೂ ಐತಿ."

ಅಲ್ತಾಫ್ ತಲೆ ಕೆರೆದುಕೊಂಡ. "ತಪ್ಪು ಎಲ್ಲಿ ಆಗೇತಿ ಗೊತ್ತಾತ್ರಿ ಕಾಕಾ. ಈ ಯಂತ್ರ ಮಾಡಿದವ್ರು ಎಲ್ಲೋ ದೂರದವ್ರು. ಅವ್ರ ಊರಾಗ ಡಾಕ್ಟರ್ ಕಡೆ ಪೇಶಂಟ್ ಒಬ್ರ ಹೋಗ್ತಾರಂತ. ಹಂಗಾಗಿ ಡಾಕ್ಟರ್ ಬಿಟ್ಟು ಯಾರ ಬಾಯಿ ತಗದ್ರೂ ಪೇಶಂಟ್ ಅಂತ ಕಲಿಸ್ಯಾರ."

"ಒಬ್ರ ಹೋದ್ರ ಮಂದಿ ಏನಂತಾರ? ಈಂವಗ ಮನ್ಯಾಗ ಯಾರೂ ಕೇಳೋರಿಲ್ಲ ಅಂತಾರ."

"ಅದನ್ನ ಯಂತ್ರಕ್ಕ ಯಾರೂ ಹೇಳಿಲ್ರಿ," ಎಂದ ಅಲ್ತಾಫ್, ತಾನೇ ತಪ್ಪು ಮಾಡಿದ ಹಾಗೆ.

ತಿದ್ದುವ ನಿಯಮವನ್ನು ಅವನು ಬಿಡಿಸಿ ಹೇಳಿದ. ದನಿ ಅಳಿಸಿಹೋಗಿರುವುದರಿಂದ ಯಾರು ಏನು ಹೇಳಿದರೆಂದು ಯಂತ್ರಕ್ಕೆ ಗೊತ್ತಿಲ್ಲ. ಆದ್ದರಿಂದ ಯಾವ ಕಾಯಿಲೆ ಯಾರದೋ ಅವರೇ ಇಲ್ಲಿಗೆ ಬಂದು, ಹೆಬ್ಬೆಟ್ಟು ಒತ್ತಿ, ಇದು ನನ್ನದು ಎಂದು ಬಾಯಿಬಿಟ್ಟು ಹೇಳಬೇಕು. ಆಗ ಆ ಸಾಲು ದ್ಯಾಮಣ್ಣನ ದಾಖಲೆಯಿಂದ ಕಿತ್ತು ಅವರ ದಾಖಲೆಗೆ ಹೋಗುತ್ತದೆ. ಬೇರೆಯವರ ಒಂದು ಸಾಲು ಉಳಿದರೂ ಬಸ್ಸು ಜಪ್ಪಯ್ಯ ಎನ್ನುವುದಿಲ್ಲ.

ನಿಂಗವ್ವನಿಗೆ ಇದು ಹಬ್ಬವಾಯಿತು. ಎರಡನೆಯ ದಿನವೇ ಬಂದು ಹಲ್ಲು ನಂದು, ಕಿವಿ ನಂದು ಎಂದು ಒಪ್ಪಿಕೊಂಡಳು. ಮಲವಿಸರ್ಜನೆಯದನ್ನೂ ಕೊಡಿ, ಇರಲಿ ಎಂದಳು; ಅದು ಅವಳದಲ್ಲವೆಂದು ಅಲ್ತಾಫ್ ಕೊಡಲಿಲ್ಲ. ಅವಳೇ ಹೇಳಿದ್ದ ಮನೆಯ ಎಮ್ಮೆಯ ಸಾಲಿಗೆ ಬಂದಾಗ ತೊಡಕಾಯಿತು. ಯಾರದೋ ಅವರೇ ಬರಬೇಕು ಎಂದಿದ್ದನ್ನು ಮುದುಕಿ ಹಾಗೆಯೇ ನಂಬಿ ಎಮ್ಮೆಯನ್ನು ಕಚೇರಿಯ ಅಂಗಳಕ್ಕೆ ಹೊಡೆದುಕೊಂಡು ಬಂದಿದ್ದಳು. ಅಲ್ತಾಫ್ ಹೆಬ್ಬೆಟ್ಟು ಒತ್ತಿಸುವ ಯಂತ್ರ ಹಿಡಿದು ಕೆಳಗಿಳಿದು ಹತ್ತಿರ ಹೋದ. ಎಮ್ಮೆ ಅವನನ್ನು ಒದೆಯಿತು. ಪುರಾವೆ ಸಾಕೆಂದು ಅವನು ಕುಂಟುತ್ತ ಹೋಗಿ ಆ ಸಾಲನ್ನು ಪಶುವೈದ್ಯರಿಗೆ ದಾಟಿಸಿದ.

ರೇಷ್ಮಾಳದು ಬೇರೆ ಸಂಕಟ. ನಾಲ್ಕನೆಯ ತಿಂಗಳು ಬೀಳುವವರೆಗೆ ಬಸಿರಿನ ವಿಷಯ ಬಾಯಿಬಿಡಬಾರದೆಂದು ತವರಿನಲ್ಲಿ ಹೇಳಿ ಕಳಿಸಿದ್ದರಂತೆ. ಅತ್ತೆಗೂ ಹೇಳಿರಲಿಲ್ಲ. "ನನ್ನ ಸಲುವಾಗಿ ನಿಮ್ಮ ಬಸ್ ನಿಂತೈತಿ ಕಾಕಾ," ಎಂದು ಕಣ್ಣಲ್ಲಿ ನೀರು ತಂದುಕೊಂಡು ನಾಲ್ಕನೆಯ ದಿನ ಬಂದು ಹೆಬ್ಬೆಟ್ಟು ಒತ್ತಿದಳು. ಅತ್ತೆಗೆ ಹದಿನೈದು ದಿನದ ಹಿಂದೆಯೇ ಗೊತ್ತಿತ್ತಂತೆ. ಸೊಸೆ ತಾನಾಗಿ ಹೇಳಲಿಲ್ಲವೆಂದು ಮುನಿಸಿಕೊಂಡಿದ್ದಳು. ಅಂಗನವಾಡಿಯ ಮೊಟ್ಟೆಗಳು ಮಹಡಿ ಹತ್ತಿದವು. ಅದರಲ್ಲಿ ಮೂರನ್ನು ದ್ಯಾಮಣ್ಣ ಆಗಲೇ ತಿಂದಿದ್ದ.

ಹಂಪಣ್ಣ ಮಾಸ್ತರರು ಮಾತ್ರ ಜಗ್ಗಲಿಲ್ಲ. ಅರ್ಧ ಊರಿಗೆ ಪಾಠ ಹೇಳಿದ ತಾನು ಕಿಟಕಿಯ ಮುಂದೆ ನಿಂತು ನಾಲ್ಕು ದಿನಕ್ಕೊಮ್ಮೆಯ ಸಂಗತಿಯನ್ನು ಒಪ್ಪಿಕೊಳ್ಳುವುದೆಂದರೇನು? ಅದು ಅಂಕಿಸಂಖ್ಯೆಯ ದೋಷ ಎಂದು ವಾದಿಸಿದರು. ಆರನೆಯ ದಿನ ಅವರು ತಾವಾಗಿಯೇ ಬಂದರು. ದ್ಯಾಮಣ್ಣನ ಹೆಸರಿಗೆ ಬಂದಿದ್ದ ಭೇದಿ ಔಷಧ ತಮಗೇ ಬೇಕಾಗಿತ್ತು.

ಉಳಿದದ್ದು ಕೊನೆಯ ಸಾಲು, ಎದೆಯದು. ಅದಕ್ಕೆ ವಾರಸುದಾರರಿರಲಿಲ್ಲ.

ಮಾಸ್ತರರು ತಮ್ಮ ಎದೆ ಕಲ್ಲಿನಂತಿದೆ ಎಂದರು. ನಿಂಗವ್ವ ಕೊಟ್ಟರೆ ತೆಗೆದುಕೊಳ್ಳುತ್ತೇನೆ, ಆದರೆ ತಾನು ಹೇಳಿದ್ದಲ್ಲ ಎಂದಳು. ರೇಷ್ಮಾ ದಿನಕ್ಕೆ ಹತ್ತು ಸಲ ಮಹಡಿ ಹತ್ತಿ ಇಳಿಯುವವಳು. ಪಾರವ್ವ, "ನಂದಲ್ಲಪ್ಪ. ನಾ ಯಾಕ ಹೇಳ್ಲಿ? ಆ ಯಂತ್ರನ ಏನೋ ಕನಸು ಕಂಡಿರಬೇಕು," ಎಂದು ಒಲೆಯ ಕಡೆ ತಿರುಗಿದಳು. ಡಾಕ್ಟರ್ ಸುಜಯಾರನ್ನು ಕೇಳಿದರೆ ಅವರು ಪಾಪ, ಹಣೆ ಒತ್ತಿಕೊಂಡರು. "ದಿನಾ ತೊಂಬತ್ತು ಮಂದಿ ನೋಡ್ತೀನ್ರಿ. ಯಂತ್ರ ಬರಕೋತೈತಿ ಅಂತ ನೆನಪಿಡೋದ ಬಿಟ್ಟೀನಿ. ಯಾರೋ ಹೇಳಿದ್ದು ಹೌದು, ಯಾರು ಅನ್ನೋದ ಹೊಳೀವಲ್ದು. ಆದ್ರ ಅವ್ರು ಲಗೂನ ಬರ್ಬೇಕ್ರಿ, ಇದು ಆಟದ ಮಾತಲ್ಲ."

ಎಂಟನೆಯ ದಿನ ಅಲ್ತಾಫ್ ಒಂದು ದಾರಿ ತೋರಿಸಿದ. ಅಪರೂಪಕ್ಕೆ ಯಂತ್ರ ಇಲ್ಲದ್ದನ್ನು ಕೇಳಿಸಿಕೊಳ್ಳುವುದೂ ಉಂಟು. ಈ ಮಾತನ್ನು ಯಾರೂ ಆಡಿಲ್ಲ ಎಂದು ದ್ಯಾಮಣ್ಣ ಹೆಬ್ಬೆಟ್ಟು ಒತ್ತಿದರೆ ಸಾಲು ಅಳಿಸಿಹೋಗುತ್ತದೆ, ಮರುದಿನ ಬಸ್ಸು ಹೊರಡುತ್ತದೆ.

"ಹಂಗ ಮಾಡ್ರಿ ಮತ್ತ!" ಎಂದಳು ಪಾರವ್ವ. ಒಂಬತ್ತನೆಯ ದಿನ, ಗಂಡ ಎಲ್ಲಿ ಮನಸ್ಸು ಬದಲಿಸುತ್ತಾನೋ ಎಂದು, ಅವಳೇ ಸೀರೆ ಬದಲಿಸಿ ಜೊತೆಗೆ ಹೊರಟಳು. ಆ ಕಚೇರಿಗೆ ಅವಳು ಬಂದದ್ದು ಅದೇ ಮೊದಲು.

ಲಿಫ್ಟ್ ಕೆಟ್ಟಿತ್ತು. ದ್ಯಾಮಣ್ಣ ಅಂಗಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಿದ್ದರೂ ಮೊದಲ ಮಹಡಿಗೆ ಮುಂದಾಗಿ ಬಂದಿದ್ದ. ಎದುರಿಗೆ ಗಾಜಿನ ಬಾಗಿಲು. ಅದರಲ್ಲಿ ಹಿಂದೆ ಬರುತ್ತಿದ್ದ ಪಾರವ್ವ ಕಂಡಳು. ಬಸ್ಸಿನ ಕನ್ನಡಿಯಲ್ಲಿ ಮೂವತ್ತೊಂದು ವರ್ಷ ಜನ ಹತ್ತುವುದನ್ನು ನೋಡಿದವನು ಅವನು. ಯಾರಿಗೆ ಮಂಡಿನೋವು, ಯಾರು ಕುಡಿದಿದ್ದಾರೆ, ಯಾರು ಅತ್ತು ಬಂದಿದ್ದಾರೆ ಎಂದು ಅವರು ಕಂಬಿ ಹಿಡಿಯುವ ರೀತಿಯಲ್ಲೇ ಹೇಳಬಲ್ಲವನು. ಪಾರವ್ವ ಮಾತ್ರ ಅವನ ಬಸ್ಸು ಹತ್ತಿದ್ದು ಕಡಿಮೆ. ಅವಳ ಸಂತೆ, ಗುಡಿ, ನೆಂಟರು ಎಲ್ಲ ಹತ್ತಿರದಲ್ಲೇ ಇದ್ದರು. ಈಗ ಅವಳು ಎಂಟು ಮೆಟ್ಟಿಲು ಹತ್ತಿ ನಿಂತಳು. ಸೆರಗು ಸರಿಮಾಡಿಕೊಳ್ಳುವವಳಂತೆ ಬಲಗೈಯನ್ನು ಎದೆಗೆ ಒತ್ತಿಕೊಂಡಳು. ಎಡಗೈಯನ್ನು ಎರಡು ಸಲ ಕೊಡವಿದಳು. ಗಂಡ ನೋಡುತ್ತಿಲ್ಲ ಎಂದುಕೊಂಡು ಗೋಡೆಗೆ ತಲೆ ಆನಿಸಿದಳು.

ಎದೆಯ ಸಾಲು ಯಾರದೆಂದು ದ್ಯಾಮಣ್ಣನಿಗೆ ಹೊಳೆಯಿತು. ಅವನು ಹಿಂತಿರುಗಲಿಲ್ಲ, ಅವಳು ಬರುವವರೆಗೆ ಪಟ್ಟಿ ಬಿಚ್ಚಿ ಕಟ್ಟುತ್ತ ಕೂತ. ಕೇಳಿದರೆ ಅವಳು ಇಲ್ಲವೆನ್ನುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

ಅಲ್ತಾಫ್ ಪರದೆ ಮುಂದೆ ಸರಿಸಿದ. "ಇಲ್ಲಿ ಒತ್ರಿ ಕಾಕಾ. ‘ಈ ಮಾತನ್ನು ಯಾರೂ ಆಡಿಲ್ಲ.’ ಮುಗೀತು, ನಾಳೆ ಬಸ್ ನಿಮ್ಮದು."

"ಅಳಿಸಿದ್ರ ಈ ಸಾಲು ಎಲ್ಲಿ ಹೋಗ್ತೈತಿ?"

"ಎಲ್ಲೂ ಹೋಗಂಗಿಲ್ರಿ. ಇರಂಗಿಲ್ಲ, ಅಷ್ಟ."

"ನಂದು ಅಂತ ಒಪ್ಕೊಂಡ್ರ?"

"ಇವತ್ತ ಎದಿ ತಪಾಸಣಿಗೆ ಆಸ್ಪತ್ರಿಯವ್ರು ಬಂದು ಕರ್ಕೊಂಡು ಹೋಗ್ತಾರ. ಆದ್ರ ಬಸ್ ಹೋತ್ರಿ."

"ಹಂಗಾರ ನಂದು ಅಂತ ಬರಕೋ," ಎಂದ ದ್ಯಾಮಣ್ಣ. ಆಸ್ಪತ್ರೆಯವರು ಬಂದಮೇಲೆ ಮಂಚದ ಮೇಲೆ ಮಲಗಿಸುವುದು ಯಾರನ್ನು ಎಂಬುದನ್ನು ಅಲ್ಲಿ ನೋಡಿಕೊಂಡರಾಯಿತು ಎಂದು ಅವನ ಲೆಕ್ಕ.

ಪಾರವ್ವ ದಂಗಾದಳು. "ತಲಿ ನೆಟ್ಟಗ ಐತಿಲ್ಲೋ? ಮೂವತ್ತೊಂದು ವರ್ಷದ ಬಸ್ ಅದು! ಅದನ್ನ ಬಿಟ್ಟು ನಿಮಗ ಒಂದು ದಿನ ಇರಾಕ ಆಗಂಗಿಲ್ಲ!"

"ಹೋಗ್ಲಿ ಬಿಡು. ಯಾರೋ ಒಬ್ರಿಗೆ ಎದಿ ಒತ್ತಾಕತ್ತೈತಿ ಅಂತ ಇಡೀ ಊರಾಗ ಇದೊಂದ ಕಡೆ ಬರದೈತಿ. ನಾ ಅದನ್ನ ಅಳಸಂಗಿಲ್ಲ."

ಹೆಬ್ಬೆಟ್ಟು ಪರದೆಗೆ ತಾಗುವಷ್ಟರಲ್ಲಿ ಪಾರವ್ವ ಅವನ ಕೈಯನ್ನು ಪಟ್ಟನೆ ಹೊಡೆದಳು. "ತಗೀರಿ ಅತ್ಲಾಗ," ಎಂದು ತನ್ನ ಹೆಬ್ಬೆಟ್ಟು ಒತ್ತಿದಳು. "ನಂದು. ಪಾರವ್ವ ಬಡಿಗೇರಂದು."

ಯಂತ್ರ ತುಸು ಹೊತ್ತು ಹುಡುಕಿತು. "ಈ ವ್ಯಕ್ತಿಯ ಹೆಸರಿನಲ್ಲಿ ಯಾವುದೇ ವೈದ್ಯಕೀಯ ದಾಖಲೆ ಇಲ್ಲ. ಹೊಸದಾಗಿ ತೆರೆಯಬೇಕೆ?"

"ಐವತ್ನಾಕು ವರ್ಷದಾಗ ಒಮ್ಮೇನೂ ಡಾಕ್ಟರ್ ಕಡೆ ಹೋಗಿಲ್ಲೇನ್ರಿ ಕಾಕೂ?" ಎಂದ ಅಲ್ತಾಫ್.

"ಹೋಗೇನಲ್ಲೋ ತಮ್ಮಾ. ಇವ್ರ ಜೋಡಿ, ಅತ್ತಿ ಜೋಡಿ, ಮಗಳ ಬಾಣಂತನಕ್ಕ. ಹೋದಾಗೆಲ್ಲ ನಡಕ ನಂದೂ ಒಂದು ಮಾತು ಕೇಳೇ ಬಂದೇನಿ."

ದ್ಯಾಮಣ್ಣ ಹೆಂಡತಿಯ ಕಡೆ ತಿರುಗಿದ. "ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ನಿ. ಎರಡು ಸಲ. ಗ್ಯಾಸ್ ಆಗಿರ್ತೈತಿ, ಸೋಡಾ ಕುಡಿ ಅಂದ್ರಿ. ಕುಡದ್ನಿ."

ಅವಳ ಹೆಸರಿನಲ್ಲಿ ದಾಖಲೆ ತೆರೆದು ಅರ್ಧ ತಾಸಾಗಿರಲಿಲ್ಲ, ಆಂಬುಲೆನ್ಸ್ ಬಂತು. ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಮುಗಿದು, ಹೃದಯದ ಒಂದು ನಾಳ ಮುಕ್ಕಾಲಿಗಿಂತ ಹೆಚ್ಚು ಕಟ್ಟಿಕೊಂಡಿದೆ ಎಂದು ತಿಳಿಯಿತು. ಸಂಜೆಯೊಳಗೆ ಅಲ್ಲಿ ಸಣ್ಣದೊಂದು ಜಾಲರಿ ಕೂರಿಸಿ ದಾರಿ ಬಿಡಿಸಿದರು. ಇನ್ನು ಹತ್ತು ಹದಿನೈದು ದಿನ ಬಿಟ್ಟಿದ್ದರೆ ಮಾತೇ ಬೇರೆ ಇತ್ತು ಎಂದು ಡಾಕ್ಟರು ಹೇಳಿದಾಗ ದ್ಯಾಮಣ್ಣ ಬೆಂಚಿನ ಮೇಲೆ ಕೂತು, ಯಾರಿದ್ದಾರೆ ಎಂಬುದನ್ನೂ ನೋಡದೆ ಅತ್ತುಬಿಟ್ಟ. ಮಾಸ್ತರರು ತಮ್ಮ ಟವೆಲು ಕೊಟ್ಟರು.

ಮರುದಿನ ಅವನು ಹೋಗುವುದಿಲ್ಲವೆಂದರೂ ಪಾರವ್ವ ಬಿಡಲಿಲ್ಲ. "ಬಸ್ ಹೋದ್ರ ದಿನಪೂರ್ತಿ ಮನ್ಯಾಗ ಕುಂದ್ರತೀರಿ. ಅದನ್ನ ತಡಕೊಳ್ಳೋ ಶಕ್ತಿ ಈ ಎದಿಗೆ ಇಲ್ಲ, ಹೋಗ್ರಿ," ಎಂದಳು. ಅವಳ ಮಂಚದ ಸುತ್ತ ಅತ್ತೆ, ಮಾಸ್ತರರು, ರೇಷ್ಮಾ, ರೇಷ್ಮಾಳ ಅತ್ತೆ ಆಗಲೇ ಜಾಗ ಹಿಡಿದಿದ್ದರು. ಅಲ್ತಾಫ್ ರಾತ್ರೋರಾತ್ರಿ ಯಂತ್ರಕ್ಕೆ ಹೊಸದೊಂದು ಬುದ್ಧಿ ಕಲಿಸಿದ್ದ: ಬಾಯಿ ತೆರೆಯುವ ಪ್ರತಿಯೊಬ್ಬರೂ ಮೊದಲು ಹೆಸರು ಹೇಳಬೇಕು.

ಹತ್ತನೆಯ ದಿನ ಬೆಳಿಗ್ಗೆ ಆರಕ್ಕೆ ದ್ಯಾಮಣ್ಣ ಅಂಗೈ ಇಟ್ಟ. ಬಸ್ಸು ಏನೂ ಮಾತಾಡದೆ ಗುರ್ ಎಂದಿತು. ಒಂಬತ್ತು ದಿನ ಆ ಸದ್ದಿಗಾಗಿ ಬಾಯಿ ಬಾಯಿ ಬಿಟ್ಟಿದ್ದ ಅವನಿಗೆ ಅದು ಕಿವಿಗೇ ಬೀಳಲಿಲ್ಲ. ಮನಸ್ಸೆಲ್ಲ ಆಸ್ಪತ್ರೆಯಲ್ಲಿತ್ತು.

ಲಕ್ಕುಂಡಿಯಲ್ಲಿ ಬಸ್ಸು ನಿಲ್ಲಿಸಿದಾಗ ಫೋನು ಮಿಣುಕಿತು: ಪಾರವ್ವ ಬಡಿಗೇರ ಅವರ ದಾಖಲೆ ಸಿದ್ಧವಾಗಿದೆ, ಮನೆಯವರು ಪರಿಶೀಲಿಸಿ. ಹೊರಡುವ ಹೊತ್ತಾಗಿತ್ತು, ಹಿಂದಿನಿಂದ ಜನ ಕೂಗುತ್ತಿದ್ದರು. ದ್ಯಾಮಣ್ಣ ಕನ್ನಡಕ ಹಾಕಿಕೊಂಡು ಅಕ್ಷರಕ್ಕೆ ಬೆರಳಿಟ್ಟು ಓದಿದ. ಹೆಸರು ಸರಿ. ವಯಸ್ಸು ಸರಿ. ನಾಳದ ವಿಷಯ, ಗುಳಿಗೆ, ಉಪ್ಪು ಕಡಿಮೆ, ಎಲ್ಲ ಸರಿ. ಆಮೇಲೆ, ‘ಬೇರೆ ಏನಾದರೂ ತೊಂದರೆ ಇದೆಯೇ’ ಎಂಬುದರ ಎದುರಿಗೆ ಒಂದು ಸಾಲಿತ್ತು.

‘ಹೇಳಿದ ಮಾತನ್ನು ಗಂಡ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವಧಿ: ಮೂವತ್ತಮೂರು ವರ್ಷ. ಈವರೆಗೆ ಚಿಕಿತ್ಸೆ ಪಡೆದಿಲ್ಲ. ಹೇಳಿದವರು: ರೋಗಿ ಸ್ವತಃ.’

ಅಷ್ಟರಲ್ಲಿ ಅಲ್ತಾಫ್‌ನ ಕರೆ ಬಂತು. "ಕಾಕಾ, ಕಡೀ ಸಾಲು ನೋಡಿದ್ರೇನು? ಯಂತ್ರ ಮತ್ತ ಎಡವಟ್ಟು ಮಾಡೇತಿ ಅನಸ್ತೈತಿ. ಅಳಿಸಿಬಿಡ್ಲೇನ್ರಿ?"

ದ್ಯಾಮಣ್ಣ ಆ ಸಾಲನ್ನು ಇನ್ನೊಮ್ಮೆ ಓದಿದ.

"ಬ್ಯಾಡೋ ತಮ್ಮಾ," ಎಂದ. "ಎಲ್ಲಾ ಬರೋಬ್ಬರಿ ಐತಿ." ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ‘ಸರಿ’ ಒತ್ತಿದ.